ಮಾದರಿಗೆ ಕೊಟ್ಟ ಸಸಿಗಳು

ನೀರು ಹಾಕುತ್ತಿದ್ದ ಶ್ರೀರಂಗಯ್ಯನ ಕಾಲು ಮತ್ತೆ ಅದೇ ಜಾಗದಲ್ಲಿ ಕುಸಿಯಿತು. ಮಾದರಿಗೆಂದು ತೆಂಗಿನ ಸಸಿ ಎತ್ತಿದ ಗುಂಡಿಗಳಿಗೆಲ್ಲ ಅವನೇ ಮರಳು ತುಂಬಿ ಅಂಗೈಯಿಂದ ತಟ್ಟಿದ್ದ. ಆದರೂ ಸಸಿಮಡಿಯ ಆ ಮೂಲೆಗೆ ಹೋದಾಗಲೆಲ್ಲ ನೆಲ ಅವನ ಭಾರವನ್ನು ಒಪ್ಪದೆ ಒಳಗೆ ಜಾರುತ್ತಿತ್ತು. ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ಅವನು ಕಾಲನ್ನು ಎಳೆದುಕೊಂಡ. ಉಳಿದ ಸಸಿಗಳು ಕೆಟ್ಟವೇನಲ್ಲ. ಬುಡ ದಪ್ಪಗಿದೆ, ಎಲೆ ಗರಿಯಾಗಿ ಸೀಳಲು ಶುರುವಾಗಿದೆ, ಒಂದರಲ್ಲೂ ಹುಳದ ಗುರುತಿಲ್ಲ. ಆದರೆ ಒಳ್ಳೆಯವನ್ನು ಆರಿಸಿ ತೆಗೆದ ಮೇಲೆ ಉಳಿದವಕ್ಕೆ, ಆಟಕ್ಕೆ ಯಾರೂ ಕರೆಯದ ಮಕ್ಕಳ ಮುಖ ಬಂದುಬಿಡುತ್ತದೆ. ಆರಿದ್ರಾ ಮಳೆ ಹುಟ್ಟಿ ವಾರವಾಗಿತ್ತು. ಮೋಡ ಬಂದು ಮುಖ ತೋರಿಸಿ ಹೋಗುತ್ತಿತ್ತು. ಈ ಮಳೆಗಾಲದಲ್ಲಿ ನೆಲ ಸೇರದ ಸಸಿ ಬರುವ ವರ್ಷಕ್ಕೆ ಮುದಿಯಾಗುತ್ತದೆ, ಬೇರಿಗೆ ಬೇರು ಹೆಣೆದುಕೊಂಡು ಎತ್ತಿದರೆ ಪಕ್ಕದ್ದನ್ನೂ ಹರಿದುಕೊಂಡು ಬರುತ್ತದೆ, ನೆಟ್ಟರೆ ಹಿಡಿಯುವುದಿಲ್ಲ. ಇದು ಅವನಿಗೆ ಗೊತ್ತು. ಗೊತ್ತಿದ್ದೂ ದಿನಾ ಬೆಳಿಗ್ಗೆ ನೀರು ಹಾಕುವುದನ್ನು ಬಿಡಲು ಅವನಿಗೆ ಆಗುತ್ತಿರಲಿಲ್ಲ. ನೀರು ಬಿದ್ದ ಕೂಡಲೇ ಎಲೆಗಳು ಅಲುಗುತ್ತಿದ್ದವು. ಅವನಿಗೆ ಅದು ಯಾರೋ ತಲೆಯಾಡಿಸಿದಂತೆ ಕಂಡು, ಬೇರೆ ಕಡೆ ನೋಡುತ್ತಿದ್ದ.

“ಮೀಟಿಂಗು ಅಂದ್ರಲ್ಲ, ಹೋಗಾಕಿಲ್ವಾ?” ಹಿತ್ತಲ ಬಾಗಿಲಿನಿಂದ ಹೆಂಡತಿ ಅಂಕಮ್ಮ ಕೇಳಿದಳು. “ಸಂಘದ ಕಾರ್ಯದರ್ಶಿಗಳೇ ತಡ ಮಾಡಿದ್ರೆ ಅಲ್ಲಿ ಜಮಖಾನ ಹಾಸೋರ್ಯಾರು?”

ಅವನು ಕೈಕಾಲು ತೊಳೆದು ಒಳಗೆ ಬಂದ. ಚುಚ್ಚಿ ಮಾತಾಡಿದವಳೇ ಅವನ ಬಿಳಿ ಅಂಗಿಯನ್ನು ಒಗೆದು, ಮಡಿಸಿ, ಹಾಸಿಗೆಯ ಕೆಳಗಿಟ್ಟು ಗೆರೆ ಕೂರಿಸಿದ್ದಳು. ಅದನ್ನು ತೊಡುವಾಗ ಅವನಿಗೆ ಮೈ ಸಣ್ಣದಾದಂತೆ ಅನ್ನಿಸಿತು. ಅಧಿಕಾರಿ ಬಂದ ದಿನವೂ ಇದೇ ಅಂಗಿ. ಎಳನೀರು ಕೆತ್ತುವಾಗ ತೋಳಿಗೆ ಬಿದ್ದಿದ್ದ ಕಲೆ ಪೂರ್ತಿ ಹೋಗಿರಲಿಲ್ಲ.

ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಹೊಸದಾಗಿ ತೆಂಗು ಹಾಕುವವರಿಗೆ ಈ ವರ್ಷ ಸರ್ಕಾರದ ಸಹಾಯವಿತ್ತು. ಆದರೆ ಸಸಿಯನ್ನು ತೋಟಗಾರಿಕೆ ಇಲಾಖೆ ಒಪ್ಪಿದ ನರ್ಸರಿಯಿಂದಲೇ ಕೊಳ್ಳಬೇಕು. ಒಪ್ಪಿಗೆ ಕೊಡುವ ಅಧಿಕಾರಿ ಮೂರು ತಾಲ್ಲೂಕಿಗೂ ಸೇರಿ ಒಂದೇ ದಿನ ಬರುತ್ತಾರೆ ಎಂದು ತಿಳಿದಾಗ ನರ್ಸರಿಯವರ ಸಂಘ ಸಭೆ ಸೇರಿತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದು ಮೂಲೆಮೂಲೆಯಲ್ಲಿದ್ದ ಮಡಿಗಳಿಗೆಲ್ಲ ಜೀಪು ಹೋಗುವುದು ಹೇಗೆ ಎಂದು ಎಲ್ಲರೂ ತಲೆ ಕೆಳಗೆ ಹಾಕಿದ್ದಾಗ ಎದ್ದು ನಿಂತವನು ಶ್ರೀರಂಗಯ್ಯ. ಸಭೆಯಲ್ಲಿ ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಮೊದಲ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. “ಕೊಬ್ಬರಿ ಮಾರ್ಕೆಟ್‌ನಲ್ಲಿ ಏನ್ ಮಾಡ್ತೀವಿ? ಚೀಲದಿಂದ ನಾಕು ಉಂಡೆ ತೆಗೆದು ಒಡೆದು ತೋರಿಸ್ತೀವಿ. ಸಾವ್ಕಾರ ಇಡೀ ರಾಶಿ ನೋಡ್ತಾನಾ? ಮಾದರಿ ನೋಡಿ ರಾಶಿಗೇ ಬೆಲೆ ಕಟ್ತಾನೆ. ಅಂಗೇ ನಾವೂ ನಮ್ಮ ನಮ್ಮ ಮಡಿಯಿಂದ ಒಳ್ಳೊಳ್ಳೆ ಸಸಿ ತಂದು ಒಂದ್ಕಡೆ ನಿಲ್ಲಿಸಾನ. ಅದನ್ನ ನೋಡಿ ಎಲ್ಲರಿಗೂ ಒಪ್ಪಿಗೆ ಕೊಡ್ತಾರೆ.” ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಆ ಸದ್ದು ಕೆಲವು ದಿನ ಅವನ ಕಿವಿಯಲ್ಲಿ ಬೆಚ್ಚಗೆ ಕೂತಿತ್ತು. ಮಾತಿನಲ್ಲಿ ತಪ್ಪಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ಅಪ್ಪ ತಾತನ ಕಾಲದಿಂದ ಅವರೆಲ್ಲ ಹಿಡಿಯನ್ನು ತೋರಿಸಿ ರಾಶಿಯನ್ನು ಮಾರಿದವರು. ಇಲಾಖೆ ಒಪ್ಪುವುದು ಸಸಿಯನ್ನಲ್ಲ, ಸಸಿ ನಿಂತ ಜಾಗವನ್ನು ಎಂಬುದು ತಿಳಿದದ್ದು ಒಪ್ಪಿಗೆ ಬಂದ ಮೇಲೆ. ಬಂದದ್ದು ಒಬ್ಬರಿಗೆ. ಹೆದ್ದಾರಿ ಪಕ್ಕದಲ್ಲಿದೆ, ಜೀಪು ಬಾಗಿಲಿಗೇ ಹೋಗುತ್ತದೆ ಎಂದು ಯಾರ ನರ್ಸರಿಯಲ್ಲಿ ಸಸಿ ನಿಲ್ಲಿಸಿದ್ದರೋ ಆ ಅಧ್ಯಕ್ಷ ಗಂಗಾಧರಯ್ಯನವರಿಗೆ.

ಚಪ್ಪಲಿ ಮೆಟ್ಟುತ್ತಿದ್ದಾಗ ಬೇಲಿಯಾಚೆ ಗುರುಶಾಂತಮ್ಮ ಕಂಡಳು. ದಬ್ಬೇಘಟ್ಟದ ಕಡೆಯ ವಿಧವೆ. ಗಂಡ ಹೋದ ಮೇಲೂ ಅವನ ಮಡಿಯನ್ನು ಬಿಡದೆ ನಡೆಸಿಕೊಂಡು ಬಂದವಳು. ಬೆಳಗಿನ ಬಸ್ಸಿಗೇ ಹೊರಟಿರಬೇಕು. ಕೈಯಲ್ಲಿ ಬಾಳೆಲೆಯ ಪೊಟ್ಟಣವಿತ್ತು. “ಹಲಸಿನ ತೊಳೆ ಕಣವ್ವ, ಮಕ್ಕಳಿಗೆ ಇರ್ಲಿ,” ಎಂದು ಅಂಕಮ್ಮನ ಕೈಗಿತ್ತು, ಶ್ರೀರಂಗಯ್ಯನನ್ನು ನೋಡಿ ನಕ್ಕಳು. ಬಯ್ಯಲು ಬಂದಿದ್ದಾಳೆ ಎಂದು ಅವನು ಮೈ ಗಟ್ಟಿ ಮಾಡಿಕೊಂಡಿದ್ದ.

“ಒಬ್ಳೇ ಅಲ್ಲಿಗೆ ಹೋಗಾಕೆ ಒಂಥರಾ ಆಯ್ತು ಅಣ್ಣಯ್ಯ. ನಿಮ್ ಜೊತೆ ಹೋದ್ರೆ ಧೈರ್ಯ ಅಂತ ಇಲ್ಲೇ ಇಳಿದ್ಬುಟ್ಟೆ.”

ಬಸ್ಸಿನಲ್ಲಿ ಜಾಗವಿರಲಿಲ್ಲ. ಹೊಲಿಗೆ ಮೆಷಿನ್ನಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮುದುಕ ಸಾಬರು ಅದನ್ನೂ ಎತ್ತಿಕೊಂಡು ಎದ್ದು ನಿಂತು, “ಕೂತ್ಕೊಳಮ್ಮ,” ಎಂದರು. ಬೇಡ ಎಂದರೂ ಕೇಳಲಿಲ್ಲ. ಕೂತ ಮೇಲೆ ಗುರುಶಾಂತಮ್ಮ ಆ ಭಾರವನ್ನು ತನ್ನ ಮಡಿಲಿಗೆ ಕೇಳಿ ತೆಗೆದುಕೊಂಡಳು. ಮೇಲಿನ ಕಂಬಿ ಹಿಡಿದು ನಿಂತ ಶ್ರೀರಂಗಯ್ಯ ಇದನ್ನೆಲ್ಲ ನೋಡುತ್ತಿದ್ದ. ಲೋಕದಲ್ಲಿ ಎಲ್ಲರಿಗೂ ಸಲೀಸಾಗಿ ಬರುವ ಏನೋ ಒಂದು ತನ್ನ ಕೈಯಲ್ಲಿ ಮಾತ್ರ ಕೆಟ್ಟು ಹೋಗುತ್ತದೆ ಅನ್ನಿಸಿತು.

“ಸಂಘದ್ದೆಲ್ಲ ನನಗೇನು ತಿಳೀತದೆ,” ಎಂದಳು ಅವಳು, ಮುಖ ಮೇಲೆತ್ತಿ. “ನನ್ನ ಸಸಿ ವಾಪಸ್ ಕೊಟ್ರೆ ಸಾಕು. ನಮ್ಮೂರ ಕರಿಯಪ್ಪ ಕೇಳವ್ನೆ. ಸರ್ಕಾರದ ದುಡ್ಡು ಬರ್ದಿದ್ರೂ ಚಿಂತಿಲ್ಲ, ನಿಮ್ಮ ಬಾವಿ ಪಕ್ಕದ ಮರದ ಸಸಿನೇ ಬೇಕು ಅಂತವ್ನೆ. ಆ ಮರ ಹೋಯ್ತಲ್ಲ, ಸುಳಿ ಕೊಳೆತು. ಅದರ ಕಾಯಿಂದ ಆದವು ಅವೇ ಕೊನೇವು. ಅವನ್ನೇ ಮಾದರಿಗೆ ಕೊಟ್ಟಿದ್ನಲ್ಲ.”

“ಹೌದಕ್ಕ,” ಎಂದ. ಅವನಿಗೆ ನೆನಪಿತ್ತು. ಒಳ್ಳೆಯವನ್ನೇ ಕೊಡಿ ಅಕ್ಕ, ಸಂಘದ ಮಾನದ ಪ್ರಶ್ನೆ ಎಂದು ಅವಳ ಮಡಿಯ ಮುಂದೆ ನಿಂತು ಹೇಳಿದವನು ಅವನೇ. ಅವಳು ಆ ಸಾಲಿನ ಹತ್ತಿರ ಹೋಗಿ, ಗುದ್ದಲಿ ಹಾಕುವ ಮೊದಲು ಒಂದೊಂದರ ಕುತ್ತಿಗೆಗೂ ಹಳೆಯ ಸೀರೆಯ ಹಸಿರು ಅಂಚಿನ ಚೂರು ಕಟ್ಟಿದ್ದಳು.

“ಹಸಿರು ಚಿಂದಿ ಕಟ್ಟಿವ್ನಿ, ಗುರ್ತು ಸಿಕ್ತದೆ ಬುಡಿ,” ಎಂದು ಈಗ ಅವಳೇ ಅವನಿಗೆ ಸಮಾಧಾನ ಹೇಳಿದಳು.

ಬಸ್ಸು ಕೆರೆಯ ಏರಿಯ ಮೇಲೆ ಓಲಾಡುತ್ತ ಹೋಗುತ್ತಿತ್ತು. ಅಧಿಕಾರಿ ಬಂದ ದಿನವೂ ಹೀಗೇ ಮೋಡವಿತ್ತು, ಆದರೆ ಬಿಸಿಲು ಮೋಡದೊಳಗಿನಿಂದ ಬೇಯಿಸುತ್ತಿತ್ತು. ಜೀಪು ಬರುವ ಮೊದಲು ಗಂಗಾಧರಯ್ಯನವರು, ಎಲ್ಲರೂ ಗುರುತಿಗೆ ಚಿಂದಿ ಕಟ್ಟಿ ತಂದಿದ್ದ ಮಾದರಿಯ ಮಡಿಯನ್ನು ಒಮ್ಮೆ ನೋಡಿ, “ಇದೇನಪ್ಪ ರಂಗಯ್ಯ, ಕೆಂಪು ಹಸಿರು ಹಳದಿ, ಹರಕೆ ಮರ ಇದ್ದಂಗದೆ. ಅಧಿಕಾರಿಗಳು ನಗ್ತಾರೆ ಕಣಪ್ಪ,” ಎಂದಿದ್ದರು. ಬಯ್ಯಲಿಲ್ಲ, ನಕ್ಕೇ ಹೇಳಿದ್ದು. ಎಲ್ಲರಿಗೂ ಹೇಗೂ ಒಪ್ಪಿಗೆ ಬರುತ್ತದೆ, ಇನ್ನು ಯಾರದು ಯಾವುದಾದರೇನು ಎಂದು ಅವನು ಕೂತು ಒಂದೊಂದೇ ಚೂರನ್ನು ಬಿಚ್ಚಿದ್ದ. ಹಸಿರು ಅಂಚಿನ ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಬಿಡಿಸಿದ್ದ. ಆಮೇಲೆ ಮಡಿ ನಿಜಕ್ಕೂ ಚೆಂದ ಕಂಡಿತು. ಒಂದೇ ತಾಯಿಯ ಮಕ್ಕಳ ಹಾಗೆ ಎಲ್ಲವೂ ಒಂದೇ ಎತ್ತರಕ್ಕೆ ನಿಂತಿದ್ದವು. ಅಧಿಕಾರಿ ವಯಸ್ಸಾದವರು, ಒಳ್ಳೆಯ ಮನುಷ್ಯ, ಪ್ರತಿ ಸಸಿಗೂ ಬಗ್ಗಿ ಬಗ್ಗಿ ನೋಡಿದರು. ಕೊನೆಗೆ ಬೆನ್ನು ಹಿಡಿದುಕೊಂಡು ನಿಂತು, ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ, “ಬೇರೆ ಕಡೆಯೂ ಎಲ್ಲಾದರೂ ನೋಡಬೇಕೇನ್ರಿ?” ಎಂದು ಕೇಳಿದ್ದು ಪಕ್ಕದಲ್ಲಿದ್ದ ಅಧ್ಯಕ್ಷರನ್ನಲ್ಲ, ಎದುರಿಗೆ ಎಳನೀರು ಕೆತ್ತುತ್ತಿದ್ದ ಶ್ರೀರಂಗಯ್ಯನನ್ನು. ಅವರ ಷರಟು ಬೆನ್ನಿಗೆ ಅಂಟಿತ್ತು. ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಅವನಿಗೆ ತನ್ನ ಅಪ್ಪ ಕೊನೆಕೊನೆಗೆ ತೋಟದಿಂದ ಬಂದು ಜಗಲಿಯಲ್ಲಿ ಕೂರುತ್ತಿದ್ದ ರೀತಿ ಕಣ್ಣಿಗೆ ಬಂತು. “ಬ್ಯಾಡಿ ಸಾರ್, ಯಾಕೆ ದಣೀತೀರಿ. ಎಲ್ಲ ಇಲ್ಲೇ ಅವೆ,” ಎಂದು ಎಳನೀರನ್ನು ಎರಡೂ ಕೈಯಿಂದ ಕೊಟ್ಟ. ಅವರು ಅದನ್ನು ಕುಡಿದು, “ಒಳ್ಳೆಯದಪ್ಪ,” ಎಂದರು. ಆ ಹೊತ್ತಿನಲ್ಲಿ ಅವನಿಗೆ ಎಷ್ಟು ಸಂತೋಷವಾಗಿತ್ತು ಎಂಬುದೇ ಈಗ ಅವನಿಗೆ ತಡೆಯಲಾಗದ್ದು.

ಗಂಗಾಧರಯ್ಯನವರ ನರ್ಸರಿಯ ಮುಂದೆ ಏಣಿ ಹಾಕಿಕೊಂಡು ಒಬ್ಬ ಬೋರ್ಡು ಬರೆಯುತ್ತಿದ್ದ. ‘ಇಲಾಖೆಯ ಒಪ್ಪಿಗೆ’ ಎಂಬಷ್ಟು ಬರೆದಾಗಿತ್ತು. ಬಣ್ಣದ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಗುರುಶಾಂತಮ್ಮ ತಲೆಯ ಮೇಲೆ ಸೆರಗು ಹೊದ್ದು, ಏಣಿಯ ಕೆಳಗೆ ಹೋಗದೆ ಸುತ್ತಿ ಒಳಗೆ ಬಂದಳು. ಸಭೆಗೆ ಇನ್ನೂ ಹೊತ್ತಿತ್ತು. ಅವಳು ನೇರ ಮಾದರಿಯ ಮಡಿಗೆ ಹೋದಳು. ಶ್ರೀರಂಗಯ್ಯ ಸ್ವಲ್ಪ ಹಿಂದೆಯೇ ಉಳಿದ.

ಅವಳು ಒಂದು ಸಾಲು ನೋಡಿದಳು, ತಿರುಗಿ ಇನ್ನೊಂದು ಸಾಲು ನೋಡಿದಳು. ಬಗ್ಗಿ ಬುಡದ ಹತ್ತಿರ ಕೈಯಾಡಿಸಿದಳು, ಬಿದ್ದಿರಬಹುದೇನೋ ಎಂಬಂತೆ. “ಬಿಚ್ಚೋಗವೇನೋ ಅಣ್ಣಯ್ಯ, ಗಾಳಿಗೆ,” ಎಂದಳು. ಅವನು ಚಪ್ಪಲಿಯ ತುದಿಯಿಂದ ಮಡಿಯ ಅಂಚಿನ ಮಣ್ಣು ಕೆದರಿದ. ತಾನು ಬೆಳೆಸಿದ್ದು ತನಗೆ ಗೊತ್ತಾಗದೇ ಇರುತ್ತದೆಯೇ ಎಂಬ ಧೈರ್ಯ ಅವಳ ಮುಖದಲ್ಲಿ ಇನ್ನೂ ಇತ್ತು. ಒಂದೊಂದರ ಮುಂದೆ ನಿಂತಂತೆ ಅದು ಸ್ವಲ್ಪ ಸ್ವಲ್ಪವೇ ಇಳಿಯುತ್ತ ಹೋಯಿತು. ಒಂದನ್ನು ಹಿಡಿದು, ಇದೇ ಎಂದು, ಬಿಟ್ಟಳು. ಮತ್ತೊಂದನ್ನು ಹಿಡಿದು ಬಹಳ ಹೊತ್ತು ನೋಡಿದಳು. ಅವಳಿಗೆ ಗುರುತು ಸಿಗಲಿಲ್ಲ. ಅವನಿಗೂ ತನ್ನ ಸಸಿಗಳ ಗುರುತು ಸಿಗುತ್ತಿರಲಿಲ್ಲ. ಅಷ್ಟು ಹೊತ್ತು ಅಲ್ಲಿ ನಿಂತಿದ್ದರೂ ಅವನ್ನು ಹುಡುಕುವ ಮನಸ್ಸೇ ಬರಲಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು.

“ಯಾಕವ್ವ ಇಲ್ಲೇ ನಿಂತಿದ್ದೀಯ?” ಗಂಗಾಧರಯ್ಯನವರು ಮಗ್ಗುಲಲ್ಲೇ ಇದ್ದ ತಮ್ಮ ಮನೆಯಿಂದ ಪಂಚೆ ಎತ್ತಿಕೊಂಡು ಬಂದರು. ವಿಷಯ ಕೇಳಿ ಅವರಿಗೆ ನಿಜವಾಗಿಯೂ ಬೇಜಾರಾಯಿತು. “ಅಯ್ಯೋ, ಅದಕ್ಕೇನಂತೆ. ನಿನಗೆ ಯಾವುದು ಬೇಕೋ ಎತ್ಕೊ ತಾಯಿ. ಎಲ್ಲ ಒಳ್ಳೇವೇ. ನೀನು ಕೊಟ್ಟಿದ್ದಕ್ಕಿಂತ ಎರಡು ಹೆಚ್ಚೇ ತಗೊ.” ಆಳನ್ನು ಕರೆದು ಬೇರಿಗೆ ಏಟಾಗದಂತೆ ಎತ್ತಿಸಿದರು, ಗೋಣಿ ನೆನೆಸಿ ಸುತ್ತಿಸಿದರು, ನೆರಳಲ್ಲಿ ಇಡಿಸಿದರು. ಒಳಗಿಂದ ಅವರ ಹೆಂಡತಿ ಉಪ್ಪಿಟ್ಟು ಕಾಫಿ ಕಳಿಸಿದರು. ಗುರುಶಾಂತಮ್ಮ ಕೈಮುಗಿದಳು. ತನ್ನದನ್ನೇ ದಾನದಂತೆ ಪಡೆದು ಅವಳು ಕೈಮುಗಿದದ್ದನ್ನು ಶ್ರೀರಂಗಯ್ಯ ನೋಡಿದ; ಆ ಕೈಗಳಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ಕರಿಯಪ್ಪನಿಗೆ ಅವಳು ಏನು ಹೇಳುತ್ತಾಳೆ? ಕಾಯಿ ಬಿಡುವ ಹೊತ್ತಿಗೆ ವರ್ಷಗಳೇ ಆಗುತ್ತವೆ, ಆಗ ಬಾವಿ ಪಕ್ಕದ ಮರದ ಕಾಯಿಯ ರುಚಿ ಯಾರ ನಾಲಗೆಯಲ್ಲಿ ಉಳಿದಿರುತ್ತದೆ?

ಸಭೆಗೆ ಹೊತ್ತಾದಾಗ ಅಧ್ಯಕ್ಷರ ಮನೆಯ ಜಗಲಿಯಲ್ಲಿ ಜಮಖಾನ ಹಾಸಿದವನು ಅವನೇ. ಹೆಂಡತಿಯ ಮಾತು ನೆನಪಾಗಿ, ಹಾಸುತ್ತ ಹಾಸುತ್ತಲೇ ಒಂದು ಕ್ಷಣ ಮೊಣಕಾಲ ಮೇಲೆ ಕೂತುಬಿಟ್ಟ. ಬಂದವರು ಹೆಚ್ಚಿರಲಿಲ್ಲ. ಬಂದವರೂ ಗೋಡೆಗೆ ಒರಗಿ, ಬೀಡಿ ಹಚ್ಚಿ, ಬೋರ್ಡಿನವನ ಕಡೆ ನೋಡುತ್ತಿದ್ದರು. ಹುಳಿಯಾರಿನ ಅಬ್ದುಲ್ ಖಾದರ್ ಮಾತ್ರ ಮುಂದೆ ಕೂತಿದ್ದ. ಅವನದು ತೆಂಗಿನ ಜೊತೆಗೆ ನಿಂಬೆ, ಮಲ್ಲಿಗೆ ಸಸಿಗಳ ಚಿಕ್ಕ ನರ್ಸರಿ.

“ನಮ್ದು ಹೆಂಗಾಯ್ತು ಅಂದ್ರೆ ಯಜಮಾನ್ರೆ,” ಎಂದ ಖಾದರ್, “ಹೆಣ್ಣು ನೋಡೋಕೆ ಬರ್ತಾರೆ ಅಂತ ಬೀದಿಯೋರೆಲ್ಲ ಒಡವೆ ತಂದು ಒಂದು ಹುಡುಗೀಗೆ ಹಾಕಿದ್ವಿ. ಗಂಡಿನೋರು ಒಪ್ಪಿದ್ರು. ಮದ್ವೆನೂ ಆಯ್ತು. ಒಡವೆ ಕೊಟ್ಟೋರ ಮನೆ ಹುಡುಗೀರು ಬಾಗ್ಲಲ್ಲಿ ನಿಂತು ನೋಡ್ತಾವ್ರೆ.”

ಎಲ್ಲರೂ ನಕ್ಕರು. ಗಂಗಾಧರಯ್ಯನವರೂ ನಕ್ಕರು. “ನಿನ್ನ ಬಾಯಿ ಒಂದು ಕಣಪ್ಪ ಖಾದರ್. ನಾನೇನು ಕೇಳಿ ಹಾಕಿಸ್ಕೊಂಡ್ನಾ?”

“ಇಲ್ಲ ಬುಡಿ, ನೀವು ಕೇಳ್ಲಿಲ್ಲ. ಒಂದು ಮಾತು. ಅಧಿಕಾರಿಗಳು ಬೇರೆ ಮಡಿ ನೋಡ್ತೀನಿ ಅಂತ ಒಂದು ಸಲನಾದ್ರೂ ಅನ್ನಲಿಲ್ವಾ? ಅಷ್ಟು ದೂರದಿಂದ ಬಂದೋರು?”

ಬೋರ್ಡು ಬರೆಯುವವನ ಕುಂಚ ತಗಡಿಗೆ ತಾಗುವ ಸದ್ದೂ ಶ್ರೀರಂಗಯ್ಯನಿಗೆ ಕೇಳಿತು. ಹೇಳಬೇಕಾದದ್ದು ಬಾಯಿಯ ಬಾಗಿಲಿಗೆ ಬಂದಿತ್ತು. ಅಂದರು, ನಾನೇ ಬೇಡ ಅಂದೆ. ಅಷ್ಟೇ ಮಾತು. ಅದನ್ನು ಹೇಳಿದರೆ, ಸಂಘದಿಂದ ತಪ್ಪಾಯಿತು, ಮತ್ತೊಮ್ಮೆ ಬನ್ನಿ ಎಂದು ಇಲಾಖೆಗೆ ಹೋಗಿ ಕೇಳಲು ಒಂದು ದಾರಿಯಾದರೂ ತೆರೆಯುತ್ತಿತ್ತು; ಮಳೆಗಾಲ ಇನ್ನೂ ಉಳಿದಿತ್ತು. ಅವನು ತಲೆ ಎತ್ತಿದ. ಗಂಗಾಧರಯ್ಯನವರು ಅವನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಬೆದರಿಕೆಯಿರಲಿಲ್ಲ. ದಾರಿಯಲ್ಲಿ ಎಡವಿದವನನ್ನು ನೋಡಿಯೂ ನೋಡದಂತೆ ಹಿರಿಯರು ಮುಖ ತಿರುಗಿಸುತ್ತಾರಲ್ಲ, ಹಾಗೆ ಅವರು ಕಣ್ಣು ಬೇರೆಡೆಗೆ ತಿರುಗಿಸಿ ಹೇಳಿದರು: “ಅವರಿಗೆ ಹೊತ್ತಾಗಿತ್ತು ಕಣಪ್ಪ. ವಯಸ್ಸಾದೋರು. ಏನು ಮಾಡಾಕಾಗ್ತದೆ.”

ತನ್ನನ್ನು ಉಳಿಸಿದರು ಎಂದು ಅವನಿಗೆ ತಿಳಿಯಿತು. ಬೆವರಿನ ಮೇಲೆ ಗಾಳಿ ಬಿದ್ದಂತೆ ಮೈ ಹಗುರವಾಯಿತು; ಆ ಹಗುರಕ್ಕೇ ಹೇಸಿಗೆಯೂ ಆಯಿತು. ಇನ್ನು ಅವರು ಏನು ಹೇಳಿದರೂ ತಾನು ಇಲ್ಲ ಎನ್ನಲಾರೆ ಎಂಬುದು, ಅವರು ಮುಂದಿನ ಮಾತು ಆಡುವ ಮೊದಲೇ ಅವನಿಗೆ ಗೊತ್ತಾಗಿಬಿಟ್ಟಿತ್ತು.

ಅವರು ಹೇಳಿದ್ದು ಇಷ್ಟೇ. ಎಲ್ಲರೂ ತಮ್ಮ ಸಸಿಗಳನ್ನು ಇಲ್ಲಿಗೇ ತಂದು ಹಾಕಲಿ, ಒಪ್ಪಿಗೆ ಬಂದ ಈ ನರ್ಸರಿಯ ಹೆಸರಿನಲ್ಲೇ ಮಾರಿಹೋಗಲಿ. “ನಾನು ಕೊಡೋ ಬೆಲೆ ಕಮ್ಮಿನೇ, ಸುಳ್ಳು ಹೇಳಾಕಿಲ್ಲ. ನೀರು, ಆಳು, ಇಲಾಖೆ ಓಡಾಟ ಎಲ್ಲ ನನ್ ತಲೆ ಮ್ಯಾಲೆ. ಮಡೀಲೇ ಮುದಿಯಾಗಿ ಹೋಗೋದಕ್ಕಿಂತ ವಾಸಿ ಅಲ್ವಾ?” ವಾಸಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದೇ ಕಷ್ಟ.

“ಬರೋ ವರ್ಷಕ್ಕಾದ್ರೂ ಸಂಘದೋರು ಹೋಗಿ ಎಲ್ಲರ ಮಡಿನೂ ನೋಡಿ ಅಂತ ಕೇಳಬಹುದಲ್ಲ,” ಎಂದ ಖಾದರ್.

“ಹೋಗಾನ. ನಾನೇ ಹೋಗ್ತೀನಿ,” ಎಂದರು ಗಂಗಾಧರಯ್ಯನವರು.

“ನೀವೇ ಹೋಗ್ಬೇಕು ಬುಡಿ. ನಮ್ಮನ್ನ ಅಲ್ಲಿ ಬಾಗ್ಲಲ್ಲೇ ಯಾರ ಕಡೆಯೋರು ಅಂತ ಕೇಳ್ತಾರೆ. ನಿಮ್ ಕಡೆಯೋರು ಅಂತ್ಲೇ ಹೇಳ್ಬೇಕು.” ಈ ಸಲ ಯಾರೂ ನಗಲಿಲ್ಲ. ಖಾದರ್ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ, ಸಸಿ ಇಲ್ಲಿಗೇ ತರಲು ಒಪ್ಪಿಗೆ ಎಂದು ಮೊದಲು ತಾನೇ ಕೈ ಎತ್ತಿದ. ಆಮೇಲೆ ಒಬ್ಬೊಬ್ಬರೇ ಎತ್ತಿದರು. ಹಿಂದೆ ಕಂಬದ ಪಕ್ಕ ಕೂತಿದ್ದ ಗುರುಶಾಂತಮ್ಮ ತಾನೂ ಎತ್ತಬೇಕೇ ಎಂದು ಶ್ರೀರಂಗಯ್ಯನ ಕಡೆ ನೋಡಿದಳು. ಅವನ ಕೈ ಆಗಲೇ ಮೇಲಿತ್ತು. ಅದನ್ನು ನೋಡಿ ಅವಳೂ ಎತ್ತಿದಳು.

ಕೊನೆಗೆ ವಂದನಾರ್ಪಣೆ ಕಾರ್ಯದರ್ಶಿಯ ಕೆಲಸ. ಅವನು ಎದ್ದು ನಿಂತ. ಈ ಸಲ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ, ಜಾರಿಕೊಂಡು ಬಂತು. ಸಂಘದ ಏಳಿಗೆಗಾಗಿ ಹಗಲಿರುಳೂ ದುಡಿಯುವ ಅಧ್ಯಕ್ಷರಿಗೆ, ಉಪಾಹಾರ ಕೊಟ್ಟ ಅವರ ಮನೆಯವರಿಗೆ, ದೂರದೂರದಿಂದ ಬಂದ ಸದಸ್ಯರಿಗೆ ಎಂದು ಒಂದೊಂದಾಗಿ ಹೇಳಿದ. ತನ್ನ ದನಿ ಇಷ್ಟು ಸ್ಪಷ್ಟವಾಗಿ, ಇಷ್ಟು ತಣ್ಣಗೆ ಕೇಳುವುದನ್ನು ಅವನು ಹೊರಗೆ ನಿಂತವನಂತೆ ಆಲಿಸಿದ. ಚಪ್ಪಾಳೆ ಬಿತ್ತು.

ಬಸ್ ಸ್ಟ್ಯಾಂಡಿನವರೆಗೆ ಗೋಣಿಯ ಮೂಟೆಯನ್ನು ಅವನೇ ಹೊತ್ತು ಬಂದ. ಬೇಡ ಎಂದು ಅವಳು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು. ಒದ್ದೆ ಗೋಣಿಯ ನೀರು ಕತ್ತಿನಿಂದ ಅಂಗಿಯೊಳಗೆ ಇಳಿಯುತ್ತಿತ್ತು, ಕಿವಿಯ ಪಕ್ಕ ಎಲೆಗಳು ಒಂದಕ್ಕೊಂದು ಉಜ್ಜಿ ಪಿಸುಗುಟ್ಟುತ್ತಿದ್ದವು. ಹೊತ್ತದ್ದು ಯಾರ ಮಡಿಯ ಸಸಿ ಎಂದು ತಿಳಿಯದೆ ಹೊರುವುದು ಒಂದು ರೀತಿಯ ಸುಖವೂ ಹೌದು ಎಂಬ ಯೋಚನೆ ಬಂದು, ಅದಕ್ಕೆ ಅವನಿಗೇ ಹೆದರಿಕೆಯಾಯಿತು. ದಬ್ಬೇಘಟ್ಟದ ಬಸ್ಸು ನಿಂತಿತ್ತು. ಕಂಡಕ್ಟರು ಗೊಣಗದೆ ಮೂಟೆಯನ್ನು ತಾನೇ ಡ್ರೈವರನ ಹಿಂದೆ, ನೆರಳಿನ ಕಡೆ ಇಟ್ಟ.

ಅವಳು ಕಿಟಕಿಯ ಪಕ್ಕ ಕೂತು, ಕಂಬಿಯ ಮೇಲೆ ಕೈಯಿಟ್ಟು ಹೇಳಿದಳು: “ಅಧಿಕಾರಿಗಳು ನಮ್ಮ ಕಡೆಗೂ ಬಂದು ನೋಡಿದ್ರೆ ಚೆಂದಾಗಿತ್ತು. ಪಾಪ, ಅಲ್ಲೂ ಮಡಿ ಅವೆ ಅಂತ ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ.”

“ಇಲ್ಲ ಅಕ್ಕ,” ಎಂದ ಶ್ರೀರಂಗಯ್ಯ. “ಯಾರೂ ಹೇಳಲಿಲ್ಲ.”

ಅವಳು ತಲೆಯಾಡಿಸಿದಳು. ಬಸ್ಸು ಒಮ್ಮೆ ಅದುರಿ ಚಾಲೂ ಆಯಿತು. ಆ ಸದ್ದಿನಲ್ಲಿ ಕೇಳಿಸಲಿ ಎಂದು ಅವಳು ಕಿಟಕಿಯಿಂದ ಸ್ವಲ್ಪ ಹೊರಗೆ ಬಾಗಿದಳು.

“ನೀವು ಇವತ್ತು ಮಾತಾಡಿದ್ದು ಚೆನ್ನಾಗಿತ್ತು ಅಣ್ಣಯ್ಯ. ಬರೋ ವರ್ಷಾನೂ ಒಳ್ಳೇವನ್ನೇ ಆರಿಸಿ ಮಡಗಿರ್ತೀನಿ. ಎಲ್ಲಿಗೆ ತರ್ಬೇಕು ಅಂತ ನೀವೇ ಹೇಳಿ ಕಳ್ಸಿ.”

“ಆಯ್ತಕ್ಕ,” ಎಂದು ಅವನು ಹೇಳುವಷ್ಟರಲ್ಲಿ ಬಸ್ಸು ಮುಂದಕ್ಕೆ ಹೋಗಿತ್ತು. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಅವನು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಆಯ್ತಕ್ಕ ಎಂದ.